ಬ್ರಿಟನ್‌ನಲ್ಲಿ ಮ್ಯಾಮೊಗ್ರಾಂ ಓದಲು ಕಲಿಯುವವರಿಗೆ: ಪರ್ಫಾರ್ಮ್ಸ್ ಅಭ್ಯಾಸ ಹೇಗೆ ನಡೆಯುತ್ತದೆ

ಊರಲ್ಲಿ ರೇಡಿಯಾಲಜಿ ಎಂ.ಡಿ. ಮುಗಿಸಿ ಬ್ರಿಟನ್‌ಗೆ ಬಂದವರಿಗೆ ಇಲ್ಲಿನ ಸ್ತನ ಸ್ಕ್ರೀನಿಂಗ್ (ಲಕ್ಷಣವಿಲ್ಲದವರಲ್ಲೂ ಕ್ಯಾನ್ಸರ್ ಹುಡುಕುವ ತಪಾಸಣೆ) ಬೇರೆಯೇ ಕೆಲಸ ಅನ್ನಿಸುತ್ತದೆ. ಅಲ್ಲಿ ಹೆಚ್ಚಿನವರು ಗಂಟು ಕೈಗೆ ಸಿಕ್ಕಿದ ಮೇಲೆಯೇ ಬರುತ್ತಾರೆ. ಅನುಮಾನ ಬಂದರೆ ಪಕ್ಕದಲ್ಲೇ ಅಲ್ಟ್ರಾಸೌಂಡ್ ಇದೆ. ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಸ್ಕ್ರೀನಿಂಗ್‌ನಲ್ಲಿ 50 ದಾಟಿದ ಮಹಿಳೆಯರಿಗೆ 71 ತುಂಬುವವರೆಗೆ ಮೂರು ವರ್ಷಕ್ಕೊಮ್ಮೆ ಕರೆ ಹೋಗುತ್ತದೆ. ಓದುವವರ ಎದುರು ರೋಗಿ ಇರುವುದಿಲ್ಲ. ನಾಲ್ಕು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಚಿತ್ರ, ಇದ್ದರೆ ಹಿಂದಿನ ಸುತ್ತಿನವು, ಅಷ್ಟೇ. ನೂರು ಮಂದಿಯಲ್ಲಿ ಸುಮಾರು ನಾಲ್ವರನ್ನು ಮರಳಿ ಕರೆಯುತ್ತಾರೆ, ಅವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತದೆ. ದಿನದ ಕೆಲಸದಿಂದಲೇ ಕಣ್ಣು ಪಳಗಲಿ ಎಂದು ಕಾದರೆ ತುಂಬಾ ಕಾಲ ಬೇಕು. ಕಂಪ್ಯೂಟರ್ ತರಬೇತಿ ಬೇಕಾಗುವುದು ಇದಕ್ಕೇ.

ಅದರಲ್ಲಿ ಮುಖ್ಯವಾದದ್ದು ಪರ್ಫಾರ್ಮ್ಸ್, ಮ್ಯಾಮೊಗ್ರಾಂ ಓದುವವರು ತಮ್ಮ ಓದನ್ನು ಪರೀಕ್ಷಿಸಿಕೊಳ್ಳುವ ಅಭ್ಯಾಸ. 1991ರಿಂದ ನಡೆಯುತ್ತಿರುವ ಈ ಯೋಜನೆ ಈಗ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದೆ. ಒಂದು ಸೆಟ್‌ನಲ್ಲಿ 60 ಕೇಸು, ಬೇಕೆಂದೇ ಕಷ್ಟದವನ್ನು ಆರಿಸಿಟ್ಟಿರುತ್ತಾರೆ. ಕ್ಯಾನ್ಸರ್ ಇರುವ ಕೇಸುಗಳಿಗೆ ಬಯಾಪ್ಸಿಯ ಪುರಾವೆ ಇರುತ್ತದೆ. ನೀವು ಪ್ರತಿ ಸ್ತನವನ್ನು ನೋಡಿ, ಕಂಡ ಅಂಶವನ್ನು ಚಿತ್ರದ ಮೇಲೆ ಗುರುತಿಸಬೇಕು: ಗಡ್ಡೆಯೋ, ಕ್ಯಾಲ್ಸಿಫಿಕೇಶನ್ನೋ (ಸುಣ್ಣದ ಸಣ್ಣ ಕಣಗಳು), ರಚನೆಯ ಎಳೆತವೋ, ಎರಡೂ ಬದಿಯ ಅಸಮತೆಯೋ. ಆಮೇಲೆ ಅನುಮಾನದ ಅಂಕಿ ಕೊಟ್ಟು, ಮರಳಿ ಕರೆಯಬೇಕೋ ಬೇಡವೋ ಹೇಳಬೇಕು. ನಿಮ್ಮ ಉತ್ತರ ತಜ್ಞರ ಅಭಿಪ್ರಾಯದ ಪಕ್ಕದಲ್ಲಿ ಕಾಣುತ್ತದೆ. ಉಳಿದ ರೀಡರ್‌ಗಳ ನಡುವೆ ನೀವು ಎಲ್ಲಿದ್ದೀರಿ ಎಂಬುದು ಅವರ ಹೆಸರಿಲ್ಲದೆ ಸಿಗುತ್ತದೆ.

ನಮ್ಮವರು ಹೆಚ್ಚು ಎಡವುವುದು ಈ ಅಂಕಿಯಲ್ಲಿ. ಬೈ-ರ್‍ಯಾಡ್ಸ್ (ಅಮೆರಿಕದ ಮ್ಯಾಮೊಗ್ರಾಂ ಅಂಕಿ ಪದ್ಧತಿ) ಕಲಿತವರ ಕೈಯಲ್ಲಿ 3 ಎಂದರೆ ‘ಬಹುಶಃ ನಿರಪಾಯ, ಆರು ತಿಂಗಳು ಬಿಟ್ಟು ನೋಡೋಣ’. ಇಲ್ಲಿನ 1ರಿಂದ 5ರ ಮಾಪಕದಲ್ಲಿ 1 ಸಹಜ, 2 ನಿರಪಾಯ, 3 ಖಚಿತವಿಲ್ಲ, 4 ಅನುಮಾನಾಸ್ಪದ, 5 ಕ್ಯಾನ್ಸರಿನ ಬಲವಾದ ಲಕ್ಷಣ. 3 ಕೊಟ್ಟರೆ ಮುಂದಿನ ಪರೀಕ್ಷೆ ಆಗಲೇಬೇಕು, ಕಾದು ನೋಡುವ ಮಾತಿಲ್ಲ. ಬೈ-ರ್‍ಯಾಡ್ಸ್‌ನ ಸೊನ್ನೆ (ಇನ್ನಷ್ಟು ಪರೀಕ್ಷೆ ಬೇಕು ಎಂಬ ಅಂಕಿ) ಇಲ್ಲಿ ಇಲ್ಲವೇ ಇಲ್ಲ. ಹಳೆಯ ಅಭ್ಯಾಸದಲ್ಲಿ 3 ಒತ್ತಿ, ‘ಕರೆಯಬೇಕಿಲ್ಲ’ ಎಂದರೆ ನಿಮ್ಮ ಉತ್ತರ ತನಗೆ ತಾನೇ ವಿರುದ್ಧವಾಗುತ್ತದೆ.

ಇನ್ನೊಂದು ತೊಡಕು, ಅಂಕಿ ಸರಿಯಿದ್ದೂ ಜಾಗ ತಪ್ಪುವುದು. ಕ್ಯಾನ್ಸರ್ ಇರುವ ಸ್ತನದಲ್ಲೇ ಬೇರೆ ಕಡೆ ಗುರುತು ಹಾಕಿದ್ದರೆ ನೀವು ಅದನ್ನು ಕಂಡಿಲ್ಲ ಎಂದೇ ಅರ್ಥ. ಕಷ್ಟದ ಕೇಸುಗಳೇ ಎಂದು ಗೊತ್ತಿರುವುದರಿಂದ ಎಲ್ಲರನ್ನೂ ಕರೆದುಬಿಡುವವರೂ ಇದ್ದಾರೆ. ಆ ರೂಢಿ ಕ್ಲಿನಿಕ್‌ಗೂ ಬಂದರೆ ಆರೋಗ್ಯವಂತ ಮಹಿಳೆಯರು ಸುಮ್ಮನೆ ಹೆದರಿ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತದೆ. ಅಭ್ಯಾಸದ ಸೆಟ್‌ನಲ್ಲಿರುವ ಕ್ಯಾನ್ಸರ್ ಪ್ರಮಾಣವನ್ನು ದಿನದ ಓದಿಗೆ ಅಳತೆಗೋಲು ಮಾಡಿಕೊಳ್ಳಬೇಡಿ.

ಪರದೆಯ ವಿಷಯದಲ್ಲಿ ರಾಜಿ ಬೇಡ. 5 ಮೆಗಾಪಿಕ್ಸೆಲ್ ಮಾನಿಟರ್, ಮಂದ ಬೆಳಕಿನ ಕೋಣೆ ಬೇಕು. ಲ್ಯಾಪ್‌ಟಾಪಿನಲ್ಲಿ ಸಣ್ಣ ಕ್ಯಾಲ್ಸಿಫಿಕೇಶನ್‌ಗಳು ಮಾಸಿಹೋಗುತ್ತವೆ. ಆಗ ತಪ್ಪು ಕಣ್ಣಿನದೋ ಪರದೆಯದೋ ತಿಳಿಯುವುದಿಲ್ಲ. ಮೊದಲು ಎರಡೂ ಬದಿಯನ್ನು ಬೆನ್ನಿಗೆ ಬೆನ್ನು ಇಟ್ಟು ಹೋಲಿಸಿ, ನಂತರ ಪೂರ್ಣ ರೆಸಲ್ಯೂಶನ್‌ಗೆ ಹಿಗ್ಗಿಸಿ ಮೂಲೆಮೂಲೆ ನೋಡಿ. ತೊಟ್ಟಿನ ಹಿಂಭಾಗ, ಗ್ರಂಥಿಯ ಹಿಂದಿನ ಕೊಬ್ಬು, ಸ್ತನದ ಒಳಬದಿ, ಈ ಮೂರು ಕಡೆ ಕಣ್ಣು ಜಾರುವುದು ಹೆಚ್ಚು.

ತಪ್ಪಿದ ಕೇಸನ್ನು ಮತ್ತೆ ತೆರೆದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಜಾಗ ನೋಡಲೇ ಇಲ್ಲವೋ, ನೋಡಿಯೂ ಕಾಣಲಿಲ್ಲವೋ, ಕಂಡೂ ನಿರಪಾಯ ಎಂದು ಬಿಟ್ಟಿರೋ? ಮೊದಲನೆಯದಕ್ಕೆ ನೋಡುವ ಕ್ರಮ ಬದಲಾಗಬೇಕು. ಎರಡನೆಯದಕ್ಕೆ ಅಂಥವೇ ಇನ್ನಷ್ಟು ಕೇಸು ಬೇಕು. ಮೂರನೆಯದಕ್ಕೆ ಹಿರಿಯ ರೀಡರ್ ಜೊತೆ ಕೂತು ಮಾತಾಡಬೇಕು, ಅದನ್ನು ಕಂಪ್ಯೂಟರ್ ಕಲಿಸಲಾರದು.

ತೀರಾ ಬುಡದಿಂದ ಶುರು ಮಾಡುವವರಿಗೆ ಎನ್‌ಎಚ್‌ಎಸ್‌ನ ಇ-ಲರ್ನಿಂಗ್ ಜಾಲತಾಣದಲ್ಲಿ ಆರ್-ಐಟಿಐ (ರೇಡಿಯಾಲಜಿ ತರಬೇತಿ) ಪಾಠಗಳಿವೆ, ಎನ್‌ಎಚ್‌ಎಸ್ ನೌಕರರಿಗೆ ಉಚಿತ. ಆದರೆ ಇವೆಲ್ಲ ನಿಜವಾದ ಓದಿನ ಬದಲಿಯಲ್ಲ. ಸ್ಕ್ರೀನಿಂಗ್ ರೀಡರ್ ವರ್ಷಕ್ಕೆ ಕನಿಷ್ಠ 5000 ಕೇಸು ಓದಬೇಕು, ಅದರಲ್ಲಿ 1500 ಮೊದಲ ರೀಡರ್ (ಇಬ್ಬರಲ್ಲಿ ಮೊದಲು ಓದುವವರು) ಆಗಿ. ಕೆಲಸದ ಕರಾರು ಮಾತಾಡುವಾಗಲೇ ಈ ಲೆಕ್ಕಕ್ಕೂ ಪರ್ಫಾರ್ಮ್ಸ್‌ಗೂ ಸಮಯ ಕೇಳಿ ಬರೆಸಿಕೊಳ್ಳಿ.