ಲಿವರ್ ಎಳೆದರೂ ತೋಟೆ ಏರದಿದ್ದರೆ: ಹಳೆಯ ರೈಫಲ್‌ನಲ್ಲಿ ದೋಷ ಹುಡುಕುವ ಬಗೆ

ಮಂಗಳೂರು, ಉಡುಪಿ ಸೀಮೆಯ ಕೃಷಿಕರ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿಯಡಿ ಇರುವುದು ಹೆಚ್ಚಾಗಿ ಕೇಪಿನ ಕೋವಿ, ಇಲ್ಲವೇ ಒಂಟಿ ಅಥವಾ ಜೋಡಿ ನಳಿಗೆಯ ತೋಟೆ ಕೋವಿ. ಅಪರೂಪಕ್ಕೆ ಕೆಲವು ಹಳೆಯ ಮನೆತನಗಳಲ್ಲಿ ವಿಂಚೆಸ್ಟರ್ 1892, ವಿಂಚೆಸ್ಟರ್ 1894 ಅಥವಾ ಮಾರ್ಲಿನ್ 336 ಮಾದರಿಯ ಲಿವರ್ ಆ್ಯಕ್ಷನ್ (ಟ್ರಿಗರ್ ಬಳಿಯ ಹಿಡಿಯನ್ನು ಕೆಳಗೆಳೆದು ಮುಚ್ಚಿದರೆ ಮುಂದಿನ ತೋಟೆ ಏರುವ) ರೈಫಲ್ ಉಳಿದುಕೊಂಡಿರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇವುಗಳ ಬೇಟೆಯ ಕಾಲ ಮುಗಿದರೂ, ಪರವಾನಗಿಯೊಂದಿಗೆ ಕೈ ಬದಲಾಗುತ್ತ ಬಂದ ಈ ಕೋವಿಗಳ ಬಗ್ಗೆ ಕೇಳಿಬರುವ ದೂರು ಮಾತ್ರ ಒಂದೇ: ಲಿವರ್ ಎಳೆದರೆ ತೋಟೆ ಸರಿಯಾಗಿ ಏರುವುದಿಲ್ಲ. ಇದನ್ನು ಕೇಳಿದ ಕೂಡಲೇ ಅರ ಹಿಡಿದು ಒಳಗಿನ ಬಿಡಿಭಾಗಗಳನ್ನು ಉಜ್ಜಲು ಹೊರಡುವವರು ಇದ್ದಾರೆ. ತೋಟೆ ತನ್ನ ದಾರಿಯ ಯಾವ ಹಂತದಲ್ಲಿ ನಿಲ್ಲುತ್ತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಉಜ್ಜಿದ ಲೋಹವನ್ನು ಮರಳಿ ತರಲಾಗದು, ನೂರು ವರ್ಷ ಹಿಂದಿನ ಬಿಡಿಭಾಗವೂ ಸುಲಭವಾಗಿ ಸಿಗದು.

ಮೊದಲು ಕೋವಿಯನ್ನು ಪೂರ್ತಿ ಖಾಲಿ ಮಾಡಬೇಕು. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಟ್ರಿಗರ್ ಮುಟ್ಟದೆ, ಲಿವರನ್ನು ಎಳೆದೆಳೆದು ತೋಟೆಗಳನ್ನು ಹೊರತೆಗೆದ ಮೇಲೂ ನಂಬಬಾರದು. ನಳಿಗೆಯ ಕೆಳಗಿರುವ ಕೊಳವೆ ಮ್ಯಾಗಜೀನ್‌ನಲ್ಲಿ ಒಂದು ತೋಟೆ ಅಂಟಿಕೊಂಡು ಉಳಿದಿರಬಹುದು, ಮತ್ತು ಈಗ ನಾವು ಹುಡುಕಲು ಹೊರಟಿರುವ ದೋಷವೇ ಅದಕ್ಕೆ ಕಾರಣವಾಗಿರಬಹುದು. ಲಿವರ್ ತೆರೆದು ಟಾರ್ಚ್ ಹಾಕಿ ನೋಡಿದಾಗ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಛೇಂಬರ್ ಖಾಲಿಯಿದ್ದು, ಕೊಳವೆಯ ಬಾಯಿಯಲ್ಲಿ ತೋಟೆಯ ಹಿಂಬದಿಯ ಬದಲು ತೋಟೆಗಳನ್ನು ತಳ್ಳುವ ಫಾಲೋವರ್ ಕಾಣಿಸಬೇಕು. ಜೀವಂತ ತೋಟೆಯೇ ಸಿಕ್ಕಿಕೊಂಡು ಲಿವರ್ ಅಲುಗದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು, ಬಡಿಯಲೂಬಾರದು. ಕೋವಿಯನ್ನು ಹಾಗೆಯೇ ಸುರಕ್ಷಿತ ದಿಕ್ಕಿಗೆ ಇಟ್ಟು ಪರವಾನಗಿ ಪಡೆದ ಕೋವಿ ರಿಪೇರಿಯವರನ್ನು ಕರೆಸುವುದೇ ಸರಿ. ಮುಂದಿನ ಪರೀಕ್ಷೆಗಳೆಲ್ಲ ಮದ್ದು, ಕೇಪು ಇಲ್ಲದ, ಅಂಗಡಿಯಿಂದ ತಂದ ಡಮ್ಮಿ ತೋಟೆಗಳಿಂದಲೇ ನಡೆಯಬೇಕು.

ಈಗ ತೋಟೆಯ ದಾರಿ. ಕೋವಿಯ ಬದಿಯ ಪುಟ್ಟ ಬಾಗಿಲಾದ ಲೋಡಿಂಗ್ ಗೇಟ್ ಮೂಲಕ ಕೊಳವೆಗೆ ತುಂಬಿದ ತೋಟೆಗಳನ್ನು ಉದ್ದನೆಯ ಸ್ಪ್ರಿಂಗ್ ಹಿಂದಕ್ಕೆ ಒತ್ತುತ್ತಿರುತ್ತದೆ. ಲಿವರ್ ಕೆಳಗಿಳಿದಾಗ ಛೇಂಬರಿನ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಹಿಂದೆ ಸರಿದು, ಒಂದೇ ಒಂದು ತೋಟೆ ಕ್ಯಾರಿಯರ್ ಎಂಬ ತಟ್ಟೆಯ ಮೇಲೆ ಬರಬೇಕು. ಒಂದು ತುದಿಯಲ್ಲಿ ಕೀಲಿರುವ ಈ ತಟ್ಟೆ ಏತದಂತೆ ಮೇಲೆದ್ದು ತೋಟೆಯ ಮೂತಿಯನ್ನು ಛೇಂಬರಿನ ಎದುರಿಗೆ ತರುತ್ತದೆ, ಲಿವರ್ ಮುಚ್ಚುವಾಗ ಬೋಲ್ಟ್ ಅದನ್ನು ಒಳದೂಡುತ್ತದೆ. ವಿಂಚೆಸ್ಟರ್ 1894ರಲ್ಲಿ ಕ್ಯಾರಿಯರ್ ಏಳುವುದು ಲಿವರ್ ಕೆಳಗಿಳಿಯುವ ಕೊನೆಯ ಅಂಗುಲದಲ್ಲಿ. ಹಳೆಯ ಕೋವಿಯೆಂದು ಮೃದುವಾಗಿ, ಅರ್ಧಂಬರ್ಧ ಎಳೆಯುವವರ ಕೈಯಲ್ಲಿ ತೋಟೆ ಏರದಿರಲು ಇದೊಂದೇ ಕಾರಣ ಸಾಕು. ಹಾಗಾಗಿ ಬೇರೇನನ್ನೂ ಬಿಚ್ಚುವ ಮೊದಲು, ಲಿವರನ್ನು ಕೊನೆಯವರೆಗೆ ದೃಢವಾಗಿ ಎಳೆದು ನೋಡಬೇಕು.

ಆಗಲೂ ತೋಟೆ ಕ್ಯಾರಿಯರ್ ಮೇಲೆ ಬಾರದಿದ್ದರೆ ಅಥವಾ ತಡವಾಗಿ ಬಂದರೆ ಸಂಶಯ ಕೊಳವೆಯ ಮೇಲೆ. ಕರಾವಳಿಯಲ್ಲಿ ಬಹುಪಾಲು ದೋಷ ಇಲ್ಲೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಊರಿನಲ್ಲಿ ಹೊರಗಿನ ನಳಿಗೆಯನ್ನು ಒರೆಸುವವರೂ ಒಳಗಿನ ಕೊಳವೆಯನ್ನು ಮರೆಯುತ್ತಾರೆ. ಚುನಾವಣೆಯ ಹೊತ್ತಿಗೆ ಠೇವಣಿ ಇಟ್ಟು ತಿಂಗಳುಗಳ ನಂತರ ಮನೆಗೆ ತಂದ ಕೋವಿಯಲ್ಲಂತೂ ಇದನ್ನೇ ಮೊದಲು ನೋಡಬೇಕು. ಮೂತಿಯ ಬಳಿ ಕೊಳವೆಯ ತುದಿಯಲ್ಲಿರುವ ಸಣ್ಣ ಸ್ಕ್ರೂವನ್ನು, ಅದರ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದ ಬಿಚ್ಚಬೇಕು. ಬಿಚ್ಚುವಾಗ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯದಿದ್ದರೆ ಸ್ಪ್ರಿಂಗ್ ಚಿಮ್ಮಿ ಮುಖಕ್ಕೆ ಬಡಿದೀತು. ಸ್ಪ್ರಿಂಗ್‌ನ ಯಾವ ತುದಿ ಯಾವ ಕಡೆಗಿತ್ತು ಎಂಬುದನ್ನು ಗುರುತಿಟ್ಟುಕೊಂಡು ಅದನ್ನೂ ಫಾಲೋವರನ್ನೂ ಹೊರತೆಗೆದು, ಮರದ ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಕೊಳವೆಯ ಒಳಮೈಯನ್ನು ಉಜ್ಜಬೇಕು. ಆಮೇಲೆ ಒಣಬಟ್ಟೆ, ಕೊನೆಗೆ ಹೊಲಿಗೆ ಯಂತ್ರಕ್ಕೆ ಬಳಸುವಂಥ ತೆಳು ಎಣ್ಣೆಯ ಹದವಾದ ಒಂದು ಲೇಪ ಸಾಕು. ತೆಂಗಿನೆಣ್ಣೆ ಬೇಡ. ಅದು ಕಾಲಕ್ರಮೇಣ ಕೆಟ್ಟು, ಧೂಳು ಹಿಡಿದು, ಅಂಟಾಗಿ ಫಾಲೋವರನ್ನೇ ತಡೆಯುತ್ತದೆ. ಸ್ವಚ್ಛ ಮಾಡಿದ ಕೊಳವೆಯಲ್ಲಿ ಫಾಲೋವರ್ ತನ್ನ ಭಾರದಿಂದಲೇ ಜಾರಬೇಕು. ಪ್ರತಿ ಬಾರಿಯೂ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಕೊಳವೆ ನೆಗ್ಗಿದೆ ಎಂದರ್ಥ, ಅದನ್ನು ಸರಿಪಡಿಸುವುದು ಮನೆಯ ಕೆಲಸವಲ್ಲ. ಸೋತ ಸ್ಪ್ರಿಂಗನ್ನು ಎಳೆದು ಉದ್ದ ಮಾಡುವ ರೂಢಿಯೂ ಒಳ್ಳೆಯದಲ್ಲ. ಎಳೆದ ಸ್ಪ್ರಿಂಗ್ ಸ್ವಲ್ಪ ಕಾಲ ಕೆಲಸ ಮಾಡಿ ಮತ್ತೆ ಸೋಲುತ್ತದೆ, ಹೊಸದನ್ನು ಹಾಕಿಸುವುದೇ ಸರಿ.

ಆಯುಧ ಪೂಜೆಯ ಮರುದಿನ ಲೋಡಿಂಗ್ ಗೇಟನ್ನು ಒತ್ತಿ ಒಳಗೆ ಟಾರ್ಚ್ ಹಾಕುವುದು ಅಗತ್ಯ ಎಂದರೆ ಕೆಲವರು ನಗಬಹುದು. ಆದರೆ ಒದ್ದೆ ಗಂಧವೂ ಒಂದೆರಡು ಅಕ್ಷತೆ ಕಾಳೂ ಕ್ಯಾರಿಯರ್ ಕೆಳಗೆ ಸೇರಿದರೆ ಅದು ಪೂರ್ತಿ ಕೆಳಗಿಳಿಯದು.

ತೋಟೆ ಕ್ಯಾರಿಯರ್ ಮೇಲೆ ಬಂದೂ ಮೇಲೇರದಿದ್ದರೆ, ಅಥವಾ ಏರಿದ ಕ್ಯಾರಿಯರ್ ಬೋಲ್ಟ್ ಬರುವ ಮೊದಲೇ ಕುಸಿದರೆ, ವಿಂಚೆಸ್ಟರ್ 1894ರಲ್ಲಿ ಕ್ಯಾರಿಯರ್‌ನ ಚಪ್ಪಟೆ ಸ್ಪ್ರಿಂಗ್ ಮತ್ತು ಅದನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಬೇಕು. ತೋಟೆ ಪಕ್ಕಕ್ಕೆ ವಾಲಿ ಮೇಲಕ್ಕೆ ಚಿಮ್ಮುತ್ತಿದ್ದರೆ ತೋಟೆಯನ್ನು ದಾರಿ ತಪ್ಪದಂತೆ ಹಿಡಿಯುವ ಎರಡು ಬದಿಯ ಕಾರ್ಟ್ರಿಡ್ಜ್ ಗೈಡ್‌ಗಳು ಸವೆದಿರುತ್ತವೆ ಅಥವಾ ಅವುಗಳ ಸ್ಕ್ರೂ ಸಡಿಲಗೊಂಡಿರುತ್ತದೆ. ಸ್ಕ್ರೂ ಬಿಗಿ ಮಾಡುವುದಷ್ಟೇ ಮಾಲೀಕನ ಕೆಲಸ. ವಿಂಚೆಸ್ಟರ್ 1892ರಲ್ಲಿ ಒಟ್ಟಿಗೆ ಎರಡು ತೋಟೆ ನುಗ್ಗಿದರೆ ಎಡಗಡೆಯ ಗೈಡ್‌ನಲ್ಲಿರುವ ತಡೆ ಮತ್ತು ಅದರ ಪುಟ್ಟ ಸ್ಪ್ರಿಂಗ್ ಮುರಿದಿರುವ ಸಾಧ್ಯತೆ ಹೆಚ್ಚು.

ಮಾರ್ಲಿನ್‌ನ ಕಾಯಿಲೆ ಬೇರೆ. ಅಲ್ಲಿ ಲಿವರ್‌ನ ಒಳತುದಿ ಮತ್ತು ಕ್ಯಾರಿಯರ್ ಒಂದನ್ನೊಂದು ಉಜ್ಜಿ ಸವೆದಾಗ, ಲಿವರ್ ಮುಚ್ಚಿದ ಸ್ಥಿತಿಯಲ್ಲಿ ಕ್ಯಾರಿಯರ್ ಇರಬೇಕಾದಷ್ಟು ಎತ್ತರದಲ್ಲಿರುವುದಿಲ್ಲ, ಮುಂದಿನ ತೋಟೆಯ ಅಂಚು ಅದರ ಕೆಳಗೆ ಜಾರಿ ಇಡೀ ಯಂತ್ರ ಬಿಗಿದುಕೊಳ್ಳುತ್ತದೆ. ಖಾಲಿ ಕೋವಿಯ ಸವೆತವನ್ನು ಕಣ್ಣಾರೆ ನೋಡುವುದು ಮಾರ್ಲಿನ್ 336ರಲ್ಲಿ ಸುಲಭ. ಲಿವರನ್ನು ಅರ್ಧ ತೆರೆದು ಅದರ ಒಂದೇ ಸ್ಕ್ರೂ ಬಿಚ್ಚಿದರೆ ಲಿವರ್, ಬೋಲ್ಟ್, ಖಾಲಿ ತೋಟೆಯನ್ನು ಹೊರಚಿಮ್ಮಿಸುವ ಎಜೆಕ್ಟರ್ ಮೂರೂ ಹೊರಬರುತ್ತವೆ. ಕ್ಯಾರಿಯರ್‌ನ ತಳದಲ್ಲಿ ಹೊಳೆಯುವ ಗೀರೋ ಗುಳಿಯೋ ಕಂಡರೆ ಕಾರಣ ಸಿಕ್ಕಿತು.

ತೋಟೆ ಛೇಂಬರಿಗೆ ಅರ್ಧ ಹೋಗಿ ನಿಲ್ಲುವುದಾದರೆ ಛೇಂಬರನ್ನು ಬ್ರಷ್‌ನಿಂದ ಶುಚಿ ಮಾಡುವುದರ ಜೊತೆಗೆ ತೋಟೆಗಳನ್ನೂ ಪರೀಕ್ಷಿಸಬೇಕು. ವಿಂಚೆಸ್ಟರ್ 1894 ಮತ್ತು ಮಾರ್ಲಿನ್ 336ರಲ್ಲಿ ಹೆಚ್ಚಾಗಿ ಬಳಸುವ .30-30 ತೋಟೆಯ ಒಟ್ಟು ಉದ್ದ 2.550 ಅಂಗುಲ, ಅಂದರೆ ಸುಮಾರು 64.8 ಮಿಲಿಮೀಟರ್ ಮೀರಬಾರದು. ಉದ್ದ ಹೆಚ್ಚಾದರೆ ಅದು ಕ್ಯಾರಿಯರ್ ಮೇಲೆ ಪೂರ್ತಿ ಬಾರದು, ತೀರಾ ಕಡಿಮೆಯಾದರೆ ಹಿಂದೆಯೇ ಮುಂದಿನ ತೋಟೆ ನುಸುಳುತ್ತದೆ. ಸ್ಪ್ರಿಂಗ್‌ನ ಒತ್ತಡಕ್ಕೆ ಗುಂಡು ಹಿತ್ತಾಳೆಯ ಕೇಸಿನೊಳಕ್ಕೆ ಸರಿದಿರುವ ತೋಟೆಯನ್ನು ಹಾರಿಸುವುದು ಅಪಾಯ, ಅದನ್ನು ಬೇರೆಯೇ ಇಡಬೇಕು. ಕೊಳವೆಯಲ್ಲಿ ಒಂದರ ಮೂತಿ ಇನ್ನೊಂದರ ಹಿಂಬದಿಯಲ್ಲಿ ಮದ್ದು ಹೊತ್ತಿಸುವ ಪ್ರೈಮರ್‌ಗೆ ತಾಗುವುದರಿಂದ ಲೋಹದ ಚೂಪು ಗುಂಡನ್ನು ಎಂದಿಗೂ ತುಂಬಬಾರದು. ನಮ್ಮಲ್ಲಿ ಸುಲಭವಾಗಿ ಸಿಗುವ .315 ತೋಟೆ ಈ ಕೋವಿಗಳಿಗೆ ಸಂಬಂಧಿಸಿದ್ದೇ ಅಲ್ಲ. ಚರ್ಮದ ಬೆಲ್ಟಿನಲ್ಲಿ ಮಳೆಗಾಲ ಕಳೆದ ಹಿತ್ತಾಳೆ ಕೇಸುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಹಾಗೆ ಹಿಡಿದ ತೋಟೆ ಒಳ್ಳೆಯ ಛೇಂಬರಿನಲ್ಲೂ ಸಿಕ್ಕಿಬೀಳುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಯ ವೃತ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಸವೆದ ಕ್ಯಾರಿಯರ್, ಗೈಡ್, ನೆಗ್ಗಿದ ಕೊಳವೆ ಇತ್ಯಾದಿಗಳನ್ನು ಊರಿನ ವೆಲ್ಡಿಂಗ್ ಶಾಪಿಗೆ ಒಯ್ಯಬಾರದು. ಪರವಾನಗಿ ಇರುವವರಲ್ಲಿಗೆ ಒಯ್ಯುವಾಗ ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿರಲಿ, ಕೋವಿ ಬಿಟ್ಟುಬಂದದ್ದಕ್ಕೆ ರಶೀದಿ ಪಡೆಯಿರಿ. ಯಾವ ಹಂತದಲ್ಲಿ ತೋಟೆ ನಿಲ್ಲುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಅರ್ಧ ಕೆಲಸ ಮುಗಿಯುತ್ತದೆ. ಕೋವಿ ಮರಳಿ ಬಂದಾಗ ಕೊಳವೆ ತುಂಬ ಡಮ್ಮಿ ತೋಟೆ ಹಾಕಿ, ಒಮ್ಮೆ ನಿಧಾನವಾಗಿ, ಒಮ್ಮೆ ವೇಗವಾಗಿ, ಒಮ್ಮೆ ಮೂತಿಯನ್ನು ಸ್ವಲ್ಪ ಕೆಳಗೆ ಮಾಡಿ, ಕೊನೆಯ ತೋಟೆಯವರೆಗೂ ಏರಿಸಿ ನೋಡಬೇಕು. ಸ್ಪ್ರಿಂಗ್‌ನ ಒತ್ತಡ ಕನಿಷ್ಠವಾಗಿರುವುದು ಆ ಕೊನೆಯ ತೋಟೆಗೇ.