ಅನ್ನಭೇದಿ ಹಾಕಿ ಬಣ್ಣದ ನೀರು ತಿಳಿ ಮಾಡುವುದು ಹೇಗೆ?

ಬಟ್ಟೆಗೆ ಬಣ್ಣ ಕಟ್ಟಿದ ಮೇಲೆ ಉಳಿಯುವ ನೀರನ್ನು ಎಷ್ಟು ಸೋಸಿದರೂ ಬಣ್ಣ ಹೋಗುವುದಿಲ್ಲ. ಇದ್ದಿಲು ಹೀರಿಕೊಳ್ಳುತ್ತದೆ, ನಿಜ. ಆಮೇಲೆ ಆ ಇದ್ದಿಲನ್ನು ಎಲ್ಲಿ ಸುರಿಯುವುದು? ಕಬ್ಬಿಣದ ಲವಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಬಣ್ಣದ ಅಣುವನ್ನೇ ಒಡೆಯುವ ದಾರಿಯೊಂದಿದೆ: ಫೆಂಟನ್ ಕ್ರಿಯೆ. ಕೇಂಬ್ರಿಡ್ಜ್‌ನ ಹೆನ್ರಿ ಫೆಂಟನ್ 1894ರಲ್ಲಿ ಟಾರ್ಟಾರಿಕ್ ಆಮ್ಲದ ಮೇಲೆ ಇದನ್ನು ತೋರಿಸಿದರು. ನಮ್ಮ ಹುಣಸೆಹಣ್ಣಿನ ಹುಳಿಯೂ ಬಹುಪಾಲು ಅದೇ ಆಮ್ಲ.

ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರು ಪಕ್ಕದಲ್ಲಿದ್ದಾಗ ಮಾಡಿ. ಕೈಗವಸು, ಕನ್ನಡಕ ಬೇಕೇ ಬೇಕು.

ಒಂದು ಲೀಟರ್ ನೀರಿಗೆ 50 ಮಿಲಿಗ್ರಾಂ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕರಗಿಸಿ. ತೆಳು ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 3ಕ್ಕೆ ಇಳಿಸಿ. ಹುಳಿ ಸಾಲದಿದ್ದರೆ ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಈಗ 0.2 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ. ಕೊನೆಗೆ ಶೇ 30ರ ಹೈಡ್ರೋಜನ್ ಪೆರಾಕ್ಸೈಡ್ 1 ಮಿಲಿಲೀಟರ್, ಕಲಕುತ್ತಾ, ನಿಧಾನವಾಗಿ. ಕಬ್ಬಿಣ ಪೆರಾಕ್ಸೈಡನ್ನು ಒಡೆದು, ತೀರಾ ಚುರುಕಾದ ಅಣುಚೂರಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದು ಎದುರು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಪೆರಾಕ್ಸೈಡ್ ಜಾಸ್ತಿಯಾದರೆ ಅದನ್ನೂ ಬಿಡುವುದಿಲ್ಲ! ಹಾಗಾಗಿ ಸುಮ್ನೆ ಸುರಿಯುವುದರಿಂದ ಲಾಭವಿಲ್ಲ. ಆಮ್ಲಜನಕ ಬಿಡುಗಡೆಯಾಗುವುದರಿಂದ ಪಾತ್ರೆಗೆ ಬಿರಡೆ ಹಾಕಬೇಡಿ.

ನೀಲಿ ಕೆಲವೇ ನಿಮಿಷದಲ್ಲಿ ಮಾಯವಾಗುತ್ತದೆ. ಅಲ್ಲಿಗೆ ಮುಗಿಯಿತು ಅನಿಸುತ್ತದೆ, ಅಲ್ವಾ? ಇಲ್ಲ. ಒಡೆದ ಅಣುವಿನ ಚೂರುಗಳು ಇನ್ನೂ ನೀರಲ್ಲಿವೆ. ಒಂದು ಗಂಟೆ ಕಲಕುತ್ತಲೇ ಇರಿ. ಆಮೇಲೆ ಸುಣ್ಣದ ನೀರು ಹಾಕಿ ಪಿಎಚ್ 8ಕ್ಕೆ ಏರಿಸಿ. ತುಕ್ಕು ಬಣ್ಣದ ಬಗ್ಗಡ ಕೆಳಗೆ ಕೂರುತ್ತದೆ, ಸೋಸಿ ತೆಗೆಯಿರಿ. ಸಿಒಡಿ, ಅಂದರೆ ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉರಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ, ಅಳೆದು ನೋಡಿ. ಎಷ್ಟು ಕೊಳೆ ಉಳಿದಿದೆ ಎಂದು ಹೇಳುವುದು ಅದೇ. ಆದರೆ ಮಿಕ್ಕ ಪೆರಾಕ್ಸೈಡ್ ಆ ಅಂಕಿಯನ್ನು ಸುಳ್ಳೇ ಏರಿಸುತ್ತದೆ. ಅದು ಪೂರ್ತಿ ಹೋದ ಮೇಲೆಯೇ ಅಳೆಯಿರಿ.

ತೊಂದರೆ ಇರುವುದು ಆ ಬಗ್ಗಡದಲ್ಲೇ. ಕಾರ್ಖಾನೆಯ ಮಟ್ಟದಲ್ಲಿ ಅದು ರಾಶಿಗಟ್ಟಲೆ ಬೀಳುತ್ತದೆ. ಸ್ಪೇನಿನ ಅಲ್ಮೆರಿಯಾದ ಸೌರ ಕೇಂದ್ರದಲ್ಲಿ ಇದೇ ಕ್ರಿಯೆಗೆ ಬಿಸಿಲನ್ನು ಸೇರಿಸಿದ್ದಾರೆ. ಪೆರಾಕ್ಸೈಡ್ ಒಡೆದು ಸುಸ್ತಾಗಿ ಫೆರಿಕ್ ರೂಪಕ್ಕೆ ತಿರುಗಿದ ಕಬ್ಬಿಣ ಬೆಳಕು ಬಿದ್ದಾಗ ಮತ್ತೆ ಕೆಲಸ ಮಾಡುವ ಫೆರಸ್ ರೂಪಕ್ಕೆ ಬರುತ್ತದೆ, ಕಡಿಮೆ ಕಬ್ಬಿಣ ಸಾಕಾಗುತ್ತದೆ.

ನನಗೆ ಇಷ್ಟವಾದದ್ದು ಮ್ಯಾಗ್ನೆಟೈಟ್ ಪುಡಿ. ಒಂದು ಕಾಲಕ್ಕೆ ಕುದುರೆಮುಖದಲ್ಲಿ ಅಗೆಯುತ್ತಿದ್ದ ಕಬ್ಬಿಣದ ಅದಿರು ಇದೇ. ಅನ್ನಭೇದಿಯ ಬದಲು ಇದನ್ನು ಹಾಕಿದರೆ ಕೆಲಸ ನಿಧಾನ, ಆದರೆ ಬಗ್ಗಡ ತೀರಾ ಕಡಿಮೆ. ಮುಗಿದ ಮೇಲೆ ಪಾತ್ರೆಯ ಹೊರಗೆ ಅಯಸ್ಕಾಂತ ಹಿಡಿಯಿರಿ, ಪುಡಿ ಒಂದು ಕಡೆ ಬಂದು ಅಂಟುತ್ತದೆ. ನೀರು ಬಗ್ಗಿಸಿಕೊಂಡು, ಪುಡಿ ತೊಳೆದು, ಮುಂದಿನ ಲೀಟರಿಗೆ ಹಾಕಿ.