ಮೈಕ್ ಬಿಟ್ಟು ಹುಣಸೆ ಬೀಜ ಹಿಡಿದೆ: ವಾರ್ಡ್ ಸಭೆ ನಡೆಸಿದ ನನ್ನ ಅನುಭವ

ವಾರ್ಡಿಗೆ ಯಾವ ಕೆಲಸ ಮೊದಲು ಬೇಕೆಂದು ಊರಿನ ಮತದಾರರೇ ಕೂತು ಹೇಳುವ ಗ್ರಾಮ ಪಂಚಾಯಿತಿಯ ವಾರ್ಡ್ ಸಭೆಗೆ ಮೈಕ್ ಬೇಡ ಎಂದಾಗ, ನನ್ನಂತೆಯೇ ಸಭೆ ನಡೆಸಿಕೊಡುವ ಜೊತೆಯ ಸಂಪನ್ಮೂಲ ವ್ಯಕ್ತಿಗಳೇ ನಕ್ಕರು. "ಮೈಕ್ ಇಲ್ಲದಿದ್ದರೆ ಜನ ಅದನ್ನು ಸಭೆ ಎಂದೇ ಒಪ್ಪುವುದಿಲ್ಲ ಸರ್" ಎಂದರು ಒಬ್ಬರು. ಈಗ ಅವರೇ ನನ್ನಿಂದ ಬೀಜದ ಡಬ್ಬಿ ಎರವಲು ಒಯ್ಯುತ್ತಾರೆ.

ಕೊಪ್ಪಳದ ಕಡೆಯ ಹಳ್ಳಿಗಳಲ್ಲಿ ಮೊದಲೆಲ್ಲ ನಾನೂ ಶಾಮಿಯಾನ, ಬಾಡಿಗೆ ಕುರ್ಚಿ, ಮಧ್ಯಾಹ್ನಕ್ಕೆ ಪಲಾವ್ ಎಂದು ಸಭೆಯೊಂದಕ್ಕೆ ಏಳೆಂಟು ಸಾವಿರ ಸುರಿಯುತ್ತಿದ್ದೆ. ಪ್ರಾರ್ಥನೆ, ಸ್ವಾಗತ, ಹಾರ ಮುಗಿಯುವಷ್ಟರಲ್ಲಿ ಹನ್ನೆರಡು ಗಂಟೆ. ಆಮೇಲೆ ಮೈಕ್ ಯಾರ ಕೈ ಸೇರಿತೋ ಅವರ ಓಣಿಗೆ ಕಾಂಕ್ರೀಟ್ ರಸ್ತೆ. ಹಾಜರಾದವರಲ್ಲಿ ಕನಿಷ್ಠ ಶೇ 30ರಷ್ಟು ಮಹಿಳೆಯರಿರಬೇಕು ಎನ್ನುತ್ತದೆ ಪಂಚಾಯತ್ ರಾಜ್ ಕಾಯ್ದೆ. ಇರುತ್ತಿದ್ದರು, ಸಹಿ ಹಾಕಿ, ಹಿಂದಿನ ಸಾಲಿನಲ್ಲಿ ಕುಳಿತು, ತುಟಿ ಬಿಚ್ಚದೆ ಎದ್ದು ಹೋಗುತ್ತಿದ್ದರು. ಒಮ್ಮೆ ಊಟದ ಬಿಲ್ ಮಂಜೂರಾಗದೆ ಸುಮಾರು ಮೂರು ಸಾವಿರ ನನ್ನ ಜೇಬಿನಿಂದಲೇ ಹೋಯಿತು.

ಜನರಿಂದ ಬೇಡಿಕೆ ಬರೆಸಿ ಅಂಟಿಸಲು ತರಬೇತಿಯಲ್ಲಿ ಹೇಳಿಕೊಡುವ ಬಣ್ಣದ ಕಾರ್ಡು, ಬ್ರೌನ್ ಶೀಟ್ ಕೂಡ ನಡೆಯಲಿಲ್ಲ. ಬರೆಯಲು ಬಾರದವರ ಪರವಾಗಿ ಹೈಸ್ಕೂಲು ಹುಡುಗರು ಕಾರ್ಡು ತುಂಬಿದರು. ಬಿಚ್ಚಿ ಓದಿದರೆ ಅರ್ಧಕ್ಕರ್ಧ ಕ್ರಿಕೆಟ್ ಮೈದಾನ! ನಂತರ ಜೋಳದ ಕಾಳು ಹಂಚಿ ಮತ ಹಾಕಿಸಿದೆ. ಎಣಿಸುವ ಮೊದಲೇ ಕೋಳಿಗಳು ಒಂದು ಓಣಿಯ ಮತವನ್ನೆಲ್ಲ ನುಂಗಿಬಿಟ್ಟವು.

ಹುಣಸೆ ಬೀಜಕ್ಕೆ ಬಂದದ್ದು ಹಾಗೆ. ಗುಡಿಯ ಮುಂದಿನ ಬಯಲಿನಲ್ಲಿ ರಂಗೋಲಿ ಪುಡಿಯಿಂದ ವಾರ್ಡಿನ ನಕ್ಷೆ ಬಿಡಿಸಲು ಊರಿನವರಿಗೇ ಬಿಡುತ್ತೇನೆ. ಗೆರೆ ತಪ್ಪಿದರೆ ಅವರವರೇ ಅಳಿಸಿ ತಿದ್ದುತ್ತಾರೆ, ನಾನು ಕೈಹಾಕುವುದಿಲ್ಲ. ನಕ್ಷೆಯ ಪಕ್ಕದಲ್ಲಿ ರಸ್ತೆಗೆ ಇಟ್ಟಿಗೆ, ನೀರಿಗೆ ಕೊಡ, ಬೀದಿದೀಪಕ್ಕೆ ಸುಟ್ಟ ಬಲ್ಬು, ಚರಂಡಿಗೆ ಪೈಪಿನ ತುಂಡು. ತಲೆಗೆ ಐದು ಬೀಜ, ಯಾವುದು ಬೇಕೋ ಅದರ ಮುಂದೆ ಇಡಬೇಕು. ಹೆಂಗಸರ ಸರದಿ ಮೊದಲು, ಗಂಡಸರು ಅಷ್ಟು ಹೊತ್ತು ಕಟ್ಟೆಯ ಆಚೆ. ಒಂದು ವಾರ್ಡಿನಲ್ಲಿ ಗಂಡಸರ ಬೀಜವೆಲ್ಲ ಇಟ್ಟಿಗೆಯ ಮುಂದೆ ಬಿದ್ದರೆ ಹೆಂಗಸರದು ಕೊಡದೊಳಗೆ. ಅಲ್ಲಿ ನಲ್ಲಿಗೆ ನೀರು ಬರುತ್ತಿದ್ದುದು ನಡುರಾತ್ರಿ. ಕೊಡ ಹಿಡಿದು ಕಾಯುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಎರಡು ರಾಶಿಯನ್ನೂ ಎಲ್ಲರೆದುರು ಗಟ್ಟಿಯಾಗಿ ಎಣಿಸಿದ ಮೇಲೆ ರಸ್ತೆಯ ಪರ ವಾದಿಸಲು ಯಾರೂ ಏಳಲಿಲ್ಲ. ಕ್ರಿಯಾಯೋಜನೆಯಲ್ಲಿ, ಅಂದರೆ ಪಂಚಾಯಿತಿ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ನೀರೇ ಮೊದಲಿಗೆ ಬಂತು.

ಬೀಜಗಳನ್ನು ಮೊದಲು ಸ್ವಲ್ಪ ಹುರಿದಿಡಿ, ಹುಳ ಹಿಡಿಯುವುದಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಬೀಜದ ಬದಲು ಗೋಲಿ ಕೊಟ್ಟು ನೋಡಿದೆ. ಮತದಾನ ಚೆನ್ನಾಗಿಯೇ ನಡೆಯಿತು, ಗೋಲಿ ಮಾತ್ರ ಒಂದೂ ಹಿಂದಿರುಗಲಿಲ್ಲ. ಸಮಯದಲ್ಲೂ ಪ್ರಯೋಗ ಮಾಡಿದ್ದೇನೆ. ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತೈದು ಮೂವತ್ತು ಜನ ಸೇರಿದರೆ ಹೆಚ್ಚು. ಸಂಜೆ ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಇಟ್ಟರೆ ಎಪ್ಪತ್ತರ ಹತ್ತಿರ. ನನ್ನಷ್ಟು ಜನ ಸೇರಿಸುವವರು ಈ ತಾಲ್ಲೂಕಿನಲ್ಲಿ ಕಡಿಮೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಮಾತು ನಿಲ್ಲಿಸದ ಮುಖಂಡರಿಗೆ ಸಭೆಯಲ್ಲಿ ಯಾವ ಕೆಲಸ ಒಪ್ಪಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವರೂ ಓದುತ್ತಾರೆ.

ಈಗ ಖರ್ಚು ಸಾವಿರದೊಳಗೆ: ರಂಗೋಲಿ ಪುಡಿ, ಚಹಾ, ಮಂಡಕ್ಕಿ, ಮಿರ್ಚಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಲ್ಲೇ ನಡವಳಿ ಬರೆದು, ಓದಿ ಹೇಳಿ, ಸಹಿ ಹಾಕಿದ ಮೇಲೆಯೇ ಮಿರ್ಚಿಯ ಬುಟ್ಟಿ ತೆರೆಸಿ. ಮೊದಲೇ ತೆರೆದರೆ ಬೀಜ ಎಣಿಸಲು ಯಾರೂ ಉಳಿಯುವುದಿಲ್ಲ.